ಪುಟ ತಿರುವುವ ಜಾಗ

ಅವರು ಸಂಗೀತ ಬರೆಯುತ್ತಿದ್ದರು. ಹಾಗೆಂದರೆ ಹಾಡು ಕಟ್ಟುತ್ತಿದ್ದರು ಎಂದಲ್ಲ, ನಿಜವಾಗಿಯೂ ಕಾಗದದ ಮೇಲೆ ಬರೆಯುತ್ತಿದ್ದರು. ಉಕ್ಕಿನ ನಿಬ್ಬಿನ ಪೆನ್ನು, ಮಸಿಕುಡಿಕೆ, ದಪ್ಪ ಹಾಳೆ. ಐದು ಗೆರೆ ಎಳೆದು ಅವುಗಳ ಮೇಲೆ ಕಪ್ಪು ಚುಕ್ಕೆಗಳನ್ನು ಕೂರಿಸುವ ಪಾಶ್ಚಾತ್ಯ ಪದ್ಧತಿಯ ಸ್ವರಲಿಪಿ ಅದು. ಸ್ವರ ಏರಿದರೆ ಚುಕ್ಕೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಎಷ್ಟು ಹೊತ್ತು ನಿಲ್ಲಬೇಕೆಂದು ಚುಕ್ಕೆಗೆ ಅಂಟಿದ ಬಾಲ ಹೇಳುತ್ತದೆ. ಐದು ಗೆರೆ ಒಂದೇ ಸಲ ಬೀಳಲಿ ಎಂದು ಹೊನ್ನಾವರ ಪೇಟೆಯ ಅಕ್ಕಸಾಲಿಗನ ಹತ್ತಿರ ಐದು ನಿಬ್ಬುಗಳನ್ನು ಒಂದು ಹಿಡಿಕೆಗೆ ಬೆಸೆಸಿಕೊಂಡಿದ್ದರು. ಅದನ್ನು ಹಿಡಿದು ಉಸಿರು ಬಿಗಿಹಿಡಿದು ಗೆರೆ ಎಳೆಯುವಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಗೆರೆ ಮುಗಿದ ಮೇಲೆ "ಆತು" ಎನ್ನುತ್ತಿದ್ದರು. ಆಮೇಲೆ ಎಲ್ಲರೂ ಉಸಿರು ಬಿಡಬಹುದಿತ್ತು.

ಹೊನ್ನಾವರದ ಒಂದು ಚರ್ಚಿನ, ನಮ್ಮ ಕಡೆಯ ಮಾತಿನಲ್ಲಿ ಇಗರ್ಜಿಯ, ಹಾಡುಗರ ತಂಡವನ್ನು ಅವರು ನಲವತ್ತು ವರ್ಷ ನಡೆಸಿದರು. ಎಲ್ಲರಿಗೂ ಅವರು ಮಾಸ್ತರು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಸ್ಮರಣೆಗೆಂದು ಒಂದು ಪುಟ ಬರೆದುಕೊಡಿ ಎಂದು ತಂಡದವರು ನನ್ನನ್ನು ಕೇಳಿದರು. ಶಿಸ್ತು, ಸರಳತೆ, ಸೇವೆ ಎಂದೆಲ್ಲ ಬರೆದೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಅದನ್ನು ಬರೆಯುವ ಯೋಗ್ಯತೆ ನನಗಿರಲಿಲ್ಲ. ಯಾಕೆಂದು ಇಲ್ಲಿ ಹೇಳುತ್ತೇನೆ.

ನಮ್ಮದು ಹಳದೀಪುರ. ನನ್ನ ಅಪ್ಪ ಪೋಸ್ಟ್ ಆಫೀಸಿನಲ್ಲಿದ್ದರು. ಮುಂಬಯಿಯಿಂದ ಊರಿಗೆ ಮರಳಿದ ಯಾರೋ ಒಬ್ಬರಿಂದ ಅವರಿಗೆ ಒಂದು ವಯೊಲಿನ್ ಸಿಕ್ಕಿತು. ಗೋಡೆಗೆ ನೇತುಹಾಕಿದ್ದ ಅದನ್ನು ದಿನಾ ನೋಡಿ ನೋಡಿ, ಮಗಳು ಕಲಿಯಲಿ ಎಂಬ ಆಸೆ ಹುಟ್ಟಿತು. ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ವಯೊಲಿನ್ ಹೇಳಿಕೊಡಬಲ್ಲವರು ಇವರೊಬ್ಬರೇ. ಹಾಗೆ ಹತ್ತನೇ ವಯಸ್ಸಿನಲ್ಲಿ, ಭಾನುವಾರ ಮಧ್ಯಾಹ್ನಗಳಲ್ಲಿ, ನಾನು ಅವರ ಜಗುಲಿಯಲ್ಲಿ ಕೂತೆ. ಮೊದಲ ಎರಡು ತಿಂಗಳು ಅವರು ವಯೊಲಿನ್ ಮುಟ್ಟಗೊಡಲಿಲ್ಲ. ಪೆನ್ಸಿಲು ಕೊಟ್ಟು ಬರೆಸಿದರು.

"ಓದಲಿಕ್ಕೆ ಬಂದ್ರೆ ಕೈ ತಾನಾಗಿ ಬತ್ತದೆ ಬಾಯ್" ಎನ್ನುತ್ತಿದ್ದರು. ಬಾಯ್ ಎಂದರೆ ಕೊಂಕಣಿಯಲ್ಲಿ ಮನೆಯ ಹುಡುಗಿಯನ್ನು ಕರೆಯುವ ಮಾತು. ನನಗೆ ನಲವತ್ತಾದರೂ ನಾನು ಅವರಿಗೆ ಬಾಯ್.

ಕೈ ತಾನಾಗಿ ಬರಲೇ ಇಲ್ಲ. ವಯೊಲಿನ್ ನನಗೆ ಒಲಿಯಲಿಲ್ಲ, ಬರವಣಿಗೆ ಒಲಿಯಿತು. ಆರು ವರ್ಷ ಕಲಿತು ನಾನು ಕೆಟ್ಟ ವಾದಕಿಯೂ ಒಳ್ಳೆಯ ನಕಲುಗಾರ್ತಿಯೂ ಆದೆ. ಅವರು ಅದನ್ನು ನನಗಿಂತ ಮೊದಲೇ ತಿಳಿದಿದ್ದರು. ಒಂದು ದಿನ ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ನುಡಿಸುದು ಬಿಡು. ಇದು ಬಿಡ್ಬೇಡ" ಎಂದರು. ಈಗ ಕುಮಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಮದುವೆ ಕಾಗದ, ಪ್ರಶ್ನೆಪತ್ರಿಕೆ, ಯಕ್ಷಗಾನದ ಕರಪತ್ರ. ಎರಡು ಅಕ್ಷರಗಳ ನಡುವೆ ಎಷ್ಟು ಜಾಗ ಇರಬೇಕೆಂಬುದನ್ನು ನಾನು ಕಲಿತದ್ದು ಅವರಿಂದ.

ಹರೆಯದಲ್ಲಿ ಅವರು ಮುಂಬಯಿಯಲ್ಲಿದ್ದರು. ಸಿನಿಮಾ ಹಾಡುಗಳ ರೆಕಾರ್ಡಿಂಗಿಗೆ ಸ್ವರಲಿಪಿಯ ಪ್ರತಿ ತೆಗೆಯುವ ಕೆಲಸ. ಇಬ್ಬರು ವಾದಕರಿಗೆ ಒಂದು ಸ್ಟ್ಯಾಂಡು, ಇಪ್ಪತ್ತು ವಯೊಲಿನ್ ಇದ್ದರೆ ಹತ್ತು ಪ್ರತಿ. ವಾದಕರು ಬಂದು ಕೂತು, ಮೊದಲ ಸಲ ನೋಡಿದ ಹಾಳೆಯನ್ನು ಹಾಗೇ ನುಡಿಸಬೇಕು. "ಕಾಗದ ತಪ್ಪಾದ್ರೆ ಬೈಸಿಕೊಳ್ಳುವವ ವಾದಕ. ಬರ್ದವ ಚಾ ಕುಡಿತಾ ಹೊರಗೆ ಕೂತಿರ್ತಾನೆ" ಎಂದು ನಗುತ್ತಿದ್ದರು. ಅಲ್ಲಿಯ ಸಿನಿಮಾ ತಾರೆಯರ ಬಗ್ಗೆ ಕೇಳಿದರೆ ಏನೂ ಹೇಳುತ್ತಿರಲಿಲ್ಲ. ಹಾಳೆಗಳ ಬಗ್ಗೆ ಗಂಟೆಗಟ್ಟಲೆ ಹೇಳುತ್ತಿದ್ದರು.

ಮುಂಬಯಿಯ ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ಸಂಗೀತದ ಪುಸ್ತಕ ಅವರ ಬಳಿ ಇತ್ತು. ಯುರೋಪಿನಲ್ಲಿ ಎಂದೋ ಅಚ್ಚಾದದ್ದು, ಅಂಚು ಹಳದಿಗಟ್ಟಿತ್ತು. ಕೈ ತೊಳೆದುಕೊಂಡು ಬರಲು ಹೇಳಿ, ನನ್ನ ತೋರುಬೆರಳನ್ನು ಪುಟದ ಮೇಲೆ ಮೆಲ್ಲಗೆ ಆಡಿಸಿದರು. ಗೆರೆಗಳು ಬೆರಳಿಗೆ ಸಿಗುತ್ತಿದ್ದವು.

"ತವರ, ಸೀಸದ ತಗಡಿನ ಮೇಲೆ ಕೊರ್ದದ್ದು ಇದು. ಒಂದೊಂದು ಚುಕ್ಕೆಗೂ ಉಳಿ ಇಟ್ಟು ಸುತ್ತಿಗೆ ಪೆಟ್ಟು. ಅದೂ ಉಲ್ಟಾ. ಬಲದಿಂದ ಎಡಕ್ಕೆ."

"ಉಲ್ಟಾ ಯಾಕೆ ಸರ್?"

"ಅಚ್ಚಾಗುವಾಗ ಸರಿಯಾಗ್ಬೇಕಲ್ಲ. ನಮಗೆ ಸರಿಯಾಗಿ ಕಾಣ್ಲಿ ಅಂತ ಅವ ಜೀವಮಾನ ಇಡೀ ಉಲ್ಟಾ ನೋಡಿದ."

ಆ ಪುಟದಲ್ಲಿ ಅವರು ನನಗೆ ತೋರಿಸಿದ್ದನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ. ಎರಡು ಪಟ್ಟು ಹೊತ್ತು ನಿಲ್ಲುವ ಸ್ವರಕ್ಕೆ ಎರಡು ಪಟ್ಟು ಜಾಗ ಕೊಟ್ಟಿರಲಿಲ್ಲ, ಒಂದೂವರೆಗಿಂತ ತುಸು ಕಡಿಮೆ, ಕಣ್ಣಿಗೆ ಹಿತವಾಗುವಷ್ಟು. ಗೆರೆಗಳು ದಪ್ಪ, ಚುಕ್ಕೆಗಳು ಇನ್ನೂ ದಪ್ಪ. ಎಲ್ಲಕ್ಕಿಂತ ಮುಖ್ಯ, ಪ್ರತಿ ಬಲಪುಟದ ಕೊನೆಯಲ್ಲಿ ವಾದಕನಿಗೆ ವಿರಾಮ. ಹಾಳೆ ತಿರುವಲು ಅವನ ಕೈ ಬಿಡುವಾಗಿರಬೇಕು.

"ಕೊರ್ದವನಿಗೆ ಇದನ್ನ ಯಾರು ನುಡಿಸ್ತಾರೆ ಅಂತ ಗೊತ್ತಿಲ್ಲ. ಆದ್ರೂ ಅವನ ಕೈ ನೆನಪಿಟ್ಟುಕೊಂಡ ನೋಡು" ಎಂದರು.

ಬರೆದ ಹಾಳೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಆರು ಹೆಜ್ಜೆ ಹಿಂದೆ ಹೋಗಿ ಓದಿಸುವುದು ಅವರ ಪರೀಕ್ಷೆ. ಇಗರ್ಜಿಯ ಫ್ಯಾನಿಗೆ ಹಾಳೆ ಹಾರದಿರಲೆಂದು ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಜೇಬು ತುಂಬ ಒಯ್ಯುತ್ತಿದ್ದರು. ಹಬ್ಬದ ದಿನ ಮನೆಯ ಹಗ್ಗದಲ್ಲಿ ಒಂದು ಕ್ಲಿಪ್ಪೂ ಉಳಿಯುವುದಿಲ್ಲವೆಂದು ಅವರ ಹೆಂಡತಿಯ ದೂರು. ಆಕೆ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಊರಿಗೆಲ್ಲ ಟೀಚರ್. ಒಮ್ಮೆ ನಾನು ಅಚ್ಚು ಹಾಕಿದ ಮದುವೆ ಕಾಗದವನ್ನು ಕೈ ಚಾಚಿ ದೂರ ಹಿಡಿದು ನೋಡಿದ ಮಾಸ್ತರು, "ಹುಡುಗನ ಹೆಸ್ರು ಹುಡುಗಿ ಹೆಸ್ರಿಗೆ ಅಂಟಿಕೊಂಡದೆ. ಇನ್ನೂ ತಾಳಿ ಕಟ್ಲಿಲ್ಲ ಅಲ್ವ?" ಎಂದರು. ಟೀಚರ್ ಒಳಗಿನಿಂದ ಜೋರಾಗಿ ನಕ್ಕರು.

ತಂಡದಲ್ಲಿ ಕೆಳಸ್ವರ ಹಾಡುವ ಒಬ್ಬ ಮುದುಕರಿದ್ದರು, ಗಾರೆ ಕೆಲಸದವರು. ಅವರ ಕಣ್ಣು ಮಂದವಾಗುತ್ತ ಬಂತು. ಯಾರಿಗೂ ಹೇಳದೆ ಅಂದಾಜಿನಲ್ಲಿ ಹಾಡುತ್ತಿದ್ದರು. ಮಾಸ್ತರು ಒಂದು ದಿನ ಆ ಸಾಲಿನ ಏಳೂ ಜನರ ಹಾಳೆಗಳನ್ನು ವಾಪಸು ತೆಗೆದುಕೊಂಡು ದೊಡ್ಡ ಚುಕ್ಕೆಗಳಲ್ಲಿ ಹೊಸದಾಗಿ ಬರೆದುಕೊಟ್ಟರು. ಒಬ್ಬರಿಗಾಗಿ ಏಳು ಪ್ರತಿ ಯಾಕೆ ಎಂದು ನಾನು ಕೇಳಿದೆ.

"ಅವ್ರೊಬ್ರಿಗೇ ದೊಡ್ಡದು ಕೊಟ್ರೆ ಬೇಜಾರು ಮಾಡ್ಕೊಳ್ತಾರೆ. ಸಾಲಿಗೇ ಕೊಟ್ರೆ ಯಾರಿಗೂ ಗೊತ್ತಾಗುದಿಲ್ಲ."

ಅಂಥ ಮನುಷ್ಯನಿಗೆ ನಾನು ಮಾಡಿದ್ದು ಇದು.

ಇಗರ್ಜಿಯ ಒಂದು ದೊಡ್ಡ ಹಬ್ಬ ಬರುವುದಿತ್ತು. ತಂಡದ ಕಾರ್ಯದರ್ಶಿ ಬ್ಯಾಂಕಿನ ಉದ್ಯೋಗಿ, ಕೀಬೋರ್ಡ್ ನುಡಿಸುವವರು. ಮಾಸ್ತರ ಕೈಬರಹದ ಹಾಡುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕೂರಿಸಿ ಪುಸ್ತಕ ಮಾಡೋಣ ಎಂದು ಹೊರಟರು. ಸ್ವರಲಿಪಿ ಬಲ್ಲ ಡಿಟಿಪಿಯವಳು ನಾನೊಬ್ಬಳೇ. ಮಾಸ್ತರು ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಅವರು ದಪ್ಪ ರಟ್ಟಿನ ತಮ್ಮ ಹಾಡಿನ ಪುಸ್ತಕವನ್ನು ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಾವೇ ತಂದು ನನ್ನ ಮೇಜಿನ ಮೇಲಿಟ್ಟರು.

ಮೂರು ತಿಂಗಳು, ಪ್ರತಿ ಗುರುವಾರ ಬಂದರು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದರು. ಒಂದು ಹಾಡನ್ನು ಬೇರೆ ಶ್ರುತಿಗೆ ಇಳಿಸಬೇಕಾಗಿತ್ತು. ನಾನು ಒಂದು ಗುಂಡಿ ಒತ್ತಿದೆ, ಇಡೀ ಹಾಡು ಇಳಿಯಿತು. ಅವರು ಪರದೆಯ ಹತ್ತಿರಕ್ಕೆ ಮುಖ ತಂದು ನೋಡಿದರು. "ನಂಗೆ ಎರಡು ದಿನ ಬೇಕಿತ್ತು" ಎಂದರು. ಬೇಸರದಿಂದಲ್ಲ, ಬೆರಗಿನಿಂದ. ಆದರೆ ಮೊದಲ ಪ್ರೂಫ್ ಅವರಿಗೆ ಹಿಡಿಸಲಿಲ್ಲ. ಗೆರೆಗಳು ಕೂದಲಿನ ಹಾಗಿವೆ ಎಂದರು. ಆರು ಹೆಜ್ಜೆ ಹಿಂದೆ ಹೋಗಿ, ಅಂಗಡಿಯ ಬಾಗಿಲಿನ ಹೊರಗೇ ನಿಂತು ನೋಡಿದರು.

"ಹತ್ರದಿಂದ ಚಂದ ಅದೆ. ಇಲ್ಲಿಂದ ಬೂದಿ ಬಣ್ಣ ಒಂದೇ ಕಾಣ್ತದೆ. ಮತ್ತೆ ಎಲ್ಲ ಚುಕ್ಕೆ ಒಂದೇ ದೂರದಲ್ಲಿ ನಿಂತವೆ, ಶಾಲೆ ಮಕ್ಳು ಪ್ರಾರ್ಥನೆಗೆ ನಿಂತ ಹಾಗೆ. ಹಾಡು ನಡೀಬೇಕಲ್ಲ ಬಾಯ್?"

ಯಂತ್ರ ತಾನಾಗಿ ಮಾಡಿದ್ದನ್ನು ನಾವಿಬ್ಬರೂ ಕೂತು ಕೈಯಾರೆ ತಿದ್ದಿದೆವು. ಗೆರೆ ದಪ್ಪ ಮಾಡಿದೆವು, ಚುಕ್ಕೆಗಳನ್ನು ಸರಿಸಿದೆವು. ಪ್ರತಿ ಬಲಪುಟದ ಕೊನೆಗೆ ವಿರಾಮ ಬರುವಂತೆ ಸಾಲುಗಳನ್ನು ಒಡೆದೆವು. ಕೊನೆಯ ಪ್ರೂಫಿನ ಪ್ರತಿ ಪುಟಕ್ಕೂ ಅವರು ಕೆಂಪು ಪೆನ್ಸಿಲಿನಲ್ಲಿ ಸಹಿ ಹಾಕಿದರು. ಅದು ಒಳ್ಳೆಯ ಕೆಲಸವಾಗಿತ್ತು. ನನ್ನ ಅಂಗಡಿಯಲ್ಲಿ ಅಷ್ಟು ಒಳ್ಳೆಯ ಕೆಲಸ ಅದಕ್ಕಿಂತ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಹಬ್ಬಕ್ಕೆ ಎಂಟು ದಿನ ಇರುವಾಗ ಮುದ್ರಣಾಲಯದಿಂದ ಫೋನು ಬಂತು. ಪುಟ ಎಪ್ಪತ್ತೆರಡು ಆಗಿದೆ, ಅಚ್ಚಾಗುವುದು ಹದಿನಾರರ ಲೆಕ್ಕದಲ್ಲಿ, ಅರವತ್ತನಾಲ್ಕಕ್ಕೆ ಇಳಿಸಿದರೆ ಮಾತ್ರ ಹಬ್ಬದೊಳಗೆ ಕೊಡಬಹುದು ಎಂದರು. ಮಾಸ್ತರ ಮನೆಗೆ ಫೋನು ಮಾಡಬೇಕಿತ್ತು. ಕೈಗೆತ್ತಿಕೊಂಡೆ ಕೂಡ. ಮಾಡಿದರೆ ಅವರು ಸ್ಟೂಲಿನ ಮೇಲೆ ಬಂದು ಕೂತು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಲಿಲ್ಲ. ಚುಕ್ಕೆಗಳ ಅಳತೆಯನ್ನು ಒಂದೇ ಏಟಿಗೆ ಕಿರಿದು ಮಾಡಿದೆ. ಸಾಲುಗಳೆಲ್ಲ ತಾವಾಗಿ ಹೊಸದಾಗಿ ಹೊಂದಿಕೊಂಡವು. ಅರವತ್ತನಾಲ್ಕೇ ಆಯಿತು. ಮೊದಲ ಹತ್ತು ಪುಟ ನೋಡಿ ಕಳಿಸಿಬಿಟ್ಟೆ.

ಪುಸ್ತಕಗಳು ಬಂದದ್ದು ಹಬ್ಬದ ಬೆಳಿಗ್ಗೆ. ಅಂದಿನ ಬಿಡುಗಡೆಗೆ ನನ್ನನ್ನೂ ಕರೆದಿದ್ದರು, ಮೂರನೇ ಸಾಲಿನಲ್ಲಿ ಕೂರಿಸಿದ್ದರು. ಹಾಡುಗರೆಲ್ಲರ ಕೈಯಲ್ಲಿ ನೀಲಿ ರಟ್ಟಿನ ಹೊಸ ಪುಸ್ತಕ. ಮಾಸ್ತರು ಬಿಳಿ ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡು ಸ್ಟ್ಯಾಂಡಿನ ಮುಂದೆ ನಿಂತಿದ್ದರು. ಅವರು ವಯೊಲಿನ್ ನುಡಿಸುತ್ತಲೇ ತಲೆಯಾಡಿಸಿ ತಂಡಕ್ಕೆ ಸನ್ನೆ ಕೊಡುವುದು ರೂಢಿ. ಪೂಜೆಯ ನಡುವೆ ಕಾಣಿಕೆ ಅರ್ಪಿಸುವಾಗ ಹಾಡುವ ಕಾಣಿಕೆಯ ಹಾಡು ಅವರೇ ಹೊಂದಿಸಿದ್ದು. ನಡುವೆ ವಯೊಲಿನ್ನಿನದೊಂದು ಓಟ, ಅದು ಮುಗಿದು ನಾಲ್ಕು ಮಾತ್ರೆ ವಿರಾಮ, ಆಗ ಅವರ ಸನ್ನೆಗೆ ಹಾಡುಗರು ಹಾಡು ಎತ್ತಿಕೊಳ್ಳಬೇಕು. ಆ ವಿರಾಮದಲ್ಲಿ ಪುಟ ತಿರುವುವುದು.

ಹೊಸ ಪುಸ್ತಕದಲ್ಲಿ ಪುಟ ಮುಗಿದದ್ದು ಓಟದ ನಡುವೆ.

ಅದು ನನಗೆ ಕೂತಲ್ಲಿಂದಲೇ ಗೊತ್ತಾಯಿತು. ಅವರ ಕಮಾನು ಅರ್ಧದಲ್ಲಿ ನಿಂತಿತು. ಎಡಗೈಯಲ್ಲಿ ವಯೊಲಿನ್, ಬಲಗೈಯಲ್ಲಿ ಕಮಾನು, ಕಿರುಬೆರಳಿನಿಂದ ಹಾಳೆ ಎಳೆದರು. ಹೊಸ ಪುಸ್ತಕ, ಎರಡು ಹಾಳೆ ಒಟ್ಟಿಗೆ ಬಂದವು. ತಪ್ಪು ಪುಟ. ಅವರು ಮುಂದಕ್ಕೆ ಬಾಗಿ ಹುಡುಕಿದರು. ಸನ್ನೆಗಾಗಿ ಅವರನ್ನೇ ನೋಡುತ್ತಿದ್ದ ಹಾಡುಗರಲ್ಲಿ ಅರ್ಧ ಜನ ಬಾಗಿದ ತಲೆಯನ್ನೇ ಸನ್ನೆಯೆಂದು ತಿಳಿದು ಎತ್ತಿಕೊಂಡರು, ಉಳಿದವರು ಎತ್ತಿಕೊಳ್ಳಲಿಲ್ಲ. ಹಾಡು ಚೆಲ್ಲಾಪಿಲ್ಲಿಯಾಗಿ ನಿಂತೇಹೋಯಿತು. ಇಡೀ ಇಗರ್ಜಿಯಲ್ಲಿ ಫ್ಯಾನಿನ ಸದ್ದು ಮಾತ್ರ. ಕಾರ್ಯದರ್ಶಿ ಕೀಬೋರ್ಡಿನಲ್ಲಿ ರಾಗ ಹಿಡಿದು ಹಾಡನ್ನು ದಡ ಸೇರಿಸಿದರು. ಮಾಸ್ತರ ಕಮಾನು ಮತ್ತೆ ಮೇಲೇಳಲಿಲ್ಲ.

"ಪಾಪ, ವಯಸ್ಸಾತು ಅವ್ರಿಗೆ" ಎಂದು ನನ್ನ ಹಿಂದೆ ಯಾರೋ ಪಿಸುಗುಟ್ಟಿದರು.

ಪೂಜೆಯ ನಂತರ ನನಗೆ ಹೂಗುಚ್ಛ ಕೊಟ್ಟರು, ಪುಸ್ತಕದ ಅಂದವನ್ನು ಹೊಗಳಿದರು. ಅಂಗಳದಲ್ಲಿ ಮಾಸ್ತರು ನನ್ನನ್ನು ಹುಡುಕಿಕೊಂಡು ಬಂದರು.

"ನಿನ್ನ ಪುಸ್ತಕದ ಮೊದಲ ದಿನವೇ ಹಾಳು ಮಾಡ್ದೆ ಬಾಯ್. ಬೇಜಾರು ಮಾಡ್ಕೊಬೇಡ."

ನಾನು ಏನೋ ಹೇಳಿದೆ. ಛೆ ಛೆ, ಹಾಗೆಲ್ಲ ಇಲ್ಲ ಸರ್, ಎಂದಿರಬೇಕು.

"ಆ ಪುಟದ ಕೊನೆಗೆ ವಿರಾಮ ಅದೆ ಅಂತ ನಂಗೆ ನೆನಪು. ಅಲ್ಲೇ ತಿರುವುದು ಅಂತ ಕೂತು ಮಾಡಿದ್ವಲ್ಲ? ನಾನು ನಿಂಗೆ ಹೇಳಿದ್ದೆನೋ ಇಲ್ವೋ?"

ಅವರು ನನ್ನ ಮುಖ ನೋಡುತ್ತಿದ್ದರು. ಸಂಶಯದಿಂದಲ್ಲ. ತನ್ನ ನೆನಪು ಸರಿಯಿದೆಯೋ ಇಲ್ಲವೋ ಎಂದು ಇನ್ನೊಬ್ಬರನ್ನು ಕೇಳಿ ತಿಳಿದುಕೊಳ್ಳುವವರ ಹಾಗೆ.

"ನೆನಪಿಲ್ಲ ಸರ್" ಎಂದೆ. ಕೈಯಲ್ಲಿ ಹೂಗುಚ್ಛ ಇತ್ತು.

ಅವರು ಮೆಲ್ಲಗೆ ತಲೆಯಾಡಿಸಿದರು. "ಹಂಗಾದ್ರೆ ನಂದೇ ತಪ್ಪಿರ್ಬೇಕು" ಎಂದರು.

ಆಮೇಲೆ ಅವರು ಮೂರು ಸಲ ತಮ್ಮ ಕೈಬರಹದ ಪುಸ್ತಕ ಕೇಳಿದರು. ಮೊದಲ ಸಲ ಫೋನಿನಲ್ಲಿ. "ಅವಸರ ಇಲ್ಲ. ನಾನು ಎಂತ ಬರ್ದಿದ್ದೆ ಅಂತ ಒಮ್ಮೆ ನೋಡ್ಬೇಕಿತ್ತು" ಎಂದರು. ಕೊಟ್ಟರೆ ನೋಡುತ್ತಾರೆ, ನೋಡಿದರೆ ತಿಳಿಯುತ್ತದೆ. ಅಂಗಡಿಗೆ ಬಣ್ಣ ಹೊಡೆಸುತ್ತಿದ್ದೇನೆ, ಸಾಮಾನೆಲ್ಲ ಕಟ್ಟಿಟ್ಟಿದೆ ಎಂದೆ. ಎರಡನೇ ಸಲ ಅಂಗಡಿಗೇ ಬಂದರು. ಆ ದಿನ ಕುಮಟೆಯ ಕಣ್ಣಿನ ಡಾಕ್ಟರ ಹತ್ತಿರ ಬಂದವರಂತೆ. "ಕಣ್ಣು ಸಮ ಅದೆ ಅಂದ್ರು" ಎಂದರು. ಒಳ್ಳೇದಾಯಿತಲ್ಲ ಸರ್, ಎಂದೆ. ಅದು ಅವರಿಗೆ ಒಳ್ಳೆಯ ಸುದ್ದಿಯಾಗಿರಲಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ಪುಸ್ತಕ ಅವರು ಕೂತ ಸ್ಟೂಲಿನ ಎದುರಿನ ಕಪಾಟಿನಲ್ಲೇ ಇತ್ತು. ಹುಡುಕಿಡುತ್ತೇನೆ ಎಂದು ಕಳಿಸಿದೆ. ಮೂರನೇ ಸಲ ಟೀಚರ ಕೈಯಲ್ಲಿ ಕೇಳಿಸಿದರು. ಆಮೇಲೆ ಕೇಳಲಿಲ್ಲ.

ಮಾಸ್ತರು ತಂಡ ಬಿಟ್ಟರು, ತಂಡದವರು ಶಾಲು ಹೊದಿಸಿ ಬೀಳ್ಕೊಟ್ಟರು. ನಾನು ಹೋಗಲಿಲ್ಲ, ಜ್ವರವೆಂದೆ. ವರ್ಷ ತುಂಬುವುದರೊಳಗೆ, ಒಂದು ಬೆಳಿಗ್ಗೆ, ಚಾ ಕುಡಿಯುತ್ತಿದ್ದಾಗ ಎದೆ ನೋವು ಬಂದು ಹೋದರು.

ಅವರು ತೀರಿಕೊಂಡು ತಿಂಗಳಾದಾಗ ಇಗರ್ಜಿಯಲ್ಲಿ ನಡೆದ ಪೂಜೆಗೆ ಹೋದೆ. ಅದೇ ಕಾಣಿಕೆಯ ಹಾಡನ್ನು ಹಾಡಿದರು. ವಯೊಲಿನ್ನಿನ ಓಟವನ್ನು ಕೀಬೋರ್ಡಿನಲ್ಲಿ ನುಡಿಸಿದ ಕಾರ್ಯದರ್ಶಿ ಪುಟ ತಿರುವಲೇ ಇಲ್ಲ. ಮುಂದಿನ ಪುಟದ ನೆರಳಚ್ಚು ತೆಗೆದು ಪಕ್ಕದಲ್ಲಿ ಅಂಟಿಸಿಕೊಂಡಿದ್ದರು. ಅಂದರೆ ಅವರಿಗೂ ಅಲ್ಲಿ ತೊಡಕಾಗಿತ್ತು. ಹೊರಗೆ ಬಂದಾಗ ತಡೆಯಲಾಗದೆ ಅವರಿಗೆ ಎಲ್ಲವನ್ನೂ ಹೇಳಿದೆ. ಪುಟ ಇಳಿಸಿದ್ದು, ಕೇಳದೆ ಇದ್ದದ್ದು, ನೆನಪಿಲ್ಲ ಎಂದದ್ದು.

ಅವರು ಸಹಾನುಭೂತಿಯಿಂದಲೇ ಕೇಳಿದರು. "ಅಯ್ಯೋ, ಅದನ್ನೆಲ್ಲ ಈಗ ಎಂತಕ್ಕೆ ಮನಸ್ಸಿಗೆ ಹಚ್ಕೊಳ್ತೀರಿ ಮೇಡಂ? ಹೇಗೂ ಅವ್ರಿಗೆ ವಯಸ್ಸಾಗಿತ್ತಲ್ಲ" ಎಂದರು. ಅಷ್ಟೇ. ಊರಿನ ಮಟ್ಟಿಗೆ ಆ ಕತೆ ತೀರ್ಮಾನವಾಗಿತ್ತು. ಅದನ್ನು ಬದಲಿಸುವುದು ಯಾರಿಗೂ ಬೇಕಿರಲಿಲ್ಲ.

ಮರುವಾರ ಕೈಬರಹದ ಪುಸ್ತಕವನ್ನು ಹಿಡಿದುಕೊಂಡು ಟೀಚರ ಮನೆಗೆ ಹೋದೆ. ಜಗುಲಿಯಲ್ಲಿ ಕೂರಿಸಿ ಚಾ ಕೊಟ್ಟರು. ಅವರಿಗೆ ಸ್ವರಲಿಪಿ ಬರುವುದಿಲ್ಲ. ಹಾಗಾಗಿ ಅಚ್ಚಿನ ಪುಸ್ತಕವನ್ನೂ ಇದನ್ನೂ ಅಕ್ಕಪಕ್ಕ ತೆರೆದಿಟ್ಟು, ಇಲ್ಲಿ ನೋಡಿ ಟೀಚರ್, ಇದು ವಿರಾಮ, ಇಲ್ಲಿ ಪುಟ ಮುಗಿಯುತ್ತದೆ, ನನ್ನದರಲ್ಲಿ ಇಲ್ಲಿ ಮುಗಿಯುತ್ತದೆ, ಎಂದು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಬಹಳ ಹೊತ್ತು ನೋಡಿದರು.

"ಹಂಗಾದ್ರೆ ಅವ್ರ ನೆನಪು ಸಮ ಇತ್ತು."

"ಹೌದು ಟೀಚರ್."

"ಕಣ್ಣೂ ಸಮ ಇತ್ತು."

ನಾನು ತಲೆ ತಗ್ಗಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋದವಳು ನಾನು.

"ಡಾಕ್ಟ್ರು ಕಣ್ಣು ಸಮ ಅದೆ ಅಂದ್ಮೇಲೆ ಅವ್ರು ಮನೆಗೆ ಬಂದು, ಹಂಗಾದ್ರೆ ಹೋದದ್ದು ತಲೆ ಅಂದ್ರು. ದಿನಾ ವಯೊಲಿನ್ ಬಿಚ್ಚುದು, ಸುಮ್ನೆ ನೋಡುದು, ಮತ್ತೆ ಮುಚ್ಚುದು. ನಂಗೆ ನೋಡ್ಲಿಕ್ಕಾಗ್ಲಿಲ್ಲ. ಎಂತಕ್ಕೆ ಇಟ್ಕೊಂಡು ಸಂಕಟಪಡ್ತೀರಿ, ಮರೆವು ಬಂದವ್ರು ಎಷ್ಟು ಜನ ಇಲ್ಲ, ಯಾರಿಗಾದ್ರೂ ಕೊಟ್ಬಿಡಿ ಅಂದೆ. ಒಂದು ತಿಂಗ್ಳು ಹೇಳ್ದೆ. ಕಡೆಗೆ ಭಟ್ಕಳದ ಒಬ್ರಿಗೆ ಕೊಟ್ರು. ಕೊಟ್ಟು ಬಂದ ದಿನ ಊಟ ಮಾಡ್ಲಿಲ್ಲ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಅವ್ರು ಹೋದ್ಮೇಲೂ ನಂಗೆ ಅದೊಂದು ಸಮಾಧಾನ ಇತ್ತು ಬಾಯ್. ನಾನು ಸರಿ ಇದ್ದದ್ದನ್ನೇ ಹೇಳ್ದೆ, ಕಡೇ ದಿನಗಳಲ್ಲಿ ಅವ್ರ ಸಂಕಟ ಕಡಿಮೆ ಮಾಡ್ದೆ ಅಂತ."

ತಪ್ಪೊಪ್ಪಿಕೊಂಡರೆ ನನ್ನ ಭಾರ ಇಳಿಯುತ್ತದೆ ಎಂದು ಬಂದಿದ್ದೆ. ಅದು ಎಲ್ಲಿಗೆ ಇಳಿಯುತ್ತದೆ ಎಂದು ಯೋಚಿಸಿರಲಿಲ್ಲ.

ಟೀಚರ್ ಕೈಬರಹದ ಪುಸ್ತಕವನ್ನು ಮುಚ್ಚಿ ಎದೆಗೆ ಒತ್ತಿ ಹಿಡಿದು ಎದ್ದರು. ನನ್ನ ನೀಲಿ ಪುಸ್ತಕವನ್ನು ಮುಟ್ಟಲಿಲ್ಲ.

"ಇದನ್ನ ನೀನು ಅವ್ರಿಗೆ ಹೇಳ್ಬೇಕಿತ್ತು" ಎಂದರು. ಬಾಗಿಲವರೆಗೆ ಹೋಗಿ, ತಿರುಗದೆಯೇ ಹೇಳಿದರು: "ಅವ್ರಿಗೆ ಹೇಳ್ಲಿಲ್ಲ ಅಂದ್ಮೇಲೆ ನಂಗೂ ಹೇಳ್ಬಾರ್ದಿತ್ತು."

ಒಳಗೆ ಹೋದರು. ನಾನು ಬಹಳ ಹೊತ್ತು ಜಗುಲಿಯಲ್ಲೇ ಕೂತಿದ್ದೆ. ಅವರು ಹೊರಗೆ ಬರಲಿಲ್ಲ. ನಾನು ಕರೆಯಲೂ ಇಲ್ಲ.